ಸೋಪಿನ ಗುಡ್ಡ

ವಿಜಯನಗರದ ಪದ್ಮನಾಭ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳಿಗೆ ಬೇಕಾದ ಧೈರ್ಯವನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಅವನಲ್ಲಿದ್ದ ದೋಷ ಬೇರೆ. ನಿಜವನ್ನೇ ಹೇಳಲು ಶುರುಮಾಡಿ, ಕೇಳುವವರ ಮುಖ ಅರಳಿದ ಕೂಡಲೇ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದ. ಉಳಿದ ಅರ್ಧ ನಿಜ ಹೊಟ್ಟೆಯೊಳಗೇ ಉಳಿದುಕೊಂಡು ಆಮೇಲೆ ಅವನನ್ನು ಹಿಂಡುತ್ತಿತ್ತು.

ಅವನು ಸರ್ಕಾರದ ಒಂದು ಸರ್ವೆ ಕಚೇರಿಯಲ್ಲಿ ಟೈಪಿಸ್ಟ್. ಯಾವ ಜಿಲ್ಲೆಯ ನೆಲದಲ್ಲಿ ಯಾವ ಖನಿಜವಿದೆ, ಅದನ್ನು ನಂಬಿಕೊಂಡು ಯಾವ ಸಣ್ಣ ಕೈಗಾರಿಕೆ ಶುರುಮಾಡಬಹುದು ಎಂದು ದೊಡ್ಡ ಅಧಿಕಾರಿಗಳು ಜೀಪಿನಲ್ಲಿ ಸುತ್ತಾಡಿ ಗೀಚಿಕೊಂಡು ಬಂದದ್ದನ್ನು ಇಂಗ್ಲಿಷಿನಲ್ಲಿ ಚೊಕ್ಕವಾಗಿ ಟೈಪು ಮಾಡುವುದು ಅವನ ಉದ್ಯೋಗ. ಬೆರಳುಗಳು ಎಲ್ಲವನ್ನೂ ಓದುತ್ತಿದ್ದವು, ತಲೆ ಏನನ್ನೂ ಓದುತ್ತಿರಲಿಲ್ಲ. ಹೀಗೆ ಮೂರು ಜಿಲ್ಲೆಗಳ ಸಂಪತ್ತು ಅವನ ಬೆರಳ ಸಂದಿನಿಂದ ಸೋರಿಹೋಗಿದ್ದರೂ ಅವನಿಗೆ ಅದರ ಅರಿವಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಆಷಾಢಕ್ಕೆ ಮುಂಚೆ, ಅವನ ಷಡ್ಡಕ ನಾಣಿಯ ಮಗುವಿಗೆ ನಾಮಕರಣವಾಯಿತು. ನಾಣಿ ಎಂದರೆ ಪದ್ಮನಾಭನ ಹೆಂಡತಿ ಪಂಕಜಾಳ ತಂಗಿಯ ಗಂಡ. ರಾಜಾಜಿನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ, ಬಸವೇಶ್ವರನಗರದಲ್ಲಿ ಸ್ವಂತ ಮನೆ. ವಯಸ್ಸಿನಲ್ಲಿ ಚಿಕ್ಕವನು, ಗಂಟಲಿನಲ್ಲಿ ದೊಡ್ಡವನು. ಊಟದ ಪಂಕ್ತಿಯ ನಡುವೆ ಓಡಾಡುತ್ತಾ ಅವನು ಪದ್ಮನಾಭನ ಎಲೆಯ ಮುಂದೆ ನಿಂತ.

"ಏನ್ ಭಾವ, ನಿಮ್ದು ಇನ್ನೂ ಅದೇ ಟಕಟಕಾನಾ? ನಾನು ಪಕ್ಕದ ಮಳಿಗೇನೂ ತಗೊಂಡೆ. ಕೆಲಸ ನಿಭಾಯಿಸೋಕೆ ಆಗ್ತಾ ಇಲ್ಲ."

ಇಡೀ ಪಂಕ್ತಿ ಪದ್ಮನಾಭನ ಕಡೆ ತಿರುಗಿತು. ಅವನು ಹಪ್ಪಳವನ್ನು ಎಲೆಯ ಮೇಲಿಟ್ಟ.

"ನಂಗೂ ಕೆಲಸ ಜಾಸ್ತೀನೇ ಕಣೋ. ಒಂದು ಇಡೀ ಜಿಲ್ಲೆ ಈಗ ನನ್ನ ಕೈಲಿದೆ."

ಅವನು ಹೇಳಬೇಕಿದ್ದದ್ದು ಜಿಲ್ಲೆಯ ವರದಿ ಎಂದು. ಆದರೆ ಅಷ್ಟರಲ್ಲಿ ಎದುರಿನ ಪಂಕ್ತಿಯ ಮುಖಗಳು ಅರಳಿದ್ದವು. ಅವನು ನಿಲ್ಲಿಸಿದ.

"ಜಿಲ್ಲೆ ಕೈಲಿದೆ ಅಂದ್ರೆ?"

"ಖನಿಜ ಎಲ್ಲಾ. ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಡಾಲೊಮೈಟ್, ಸೋಪ್‌ಸ್ಟೋನ್..."

ಪಂಕ್ತಿಯ ಕೊನೆಯಲ್ಲಿ ಉಗ್ರಪ್ಪ ಕುಳಿತಿದ್ದ. ಅವನು ನಾಣಿಯ ಅಂಗಡಿಗೆ ಮೆಟಡಾರ್ ವ್ಯಾನು ಓಡಿಸುವವನು, ಅದಕ್ಕಿಂತ ಮುಖ್ಯವಾಗಿ ಪದ್ಮನಾಭನ ಮನೆ ಮಾಲೀಕ ಚಿಕ್ಕಮುನಿಯಪ್ಪನ ಅಳಿಯ. "ಸೋಪ್‌ಸ್ಟೋನ್ ಅಂದ್ರೇನ್ ಸಾರ್?" ಎಂದು ಕೇಳಿದ.

ಪದ್ಮನಾಭ ಆ ಶಬ್ದವನ್ನು ನೂರಾರು ಸಲ ಟೈಪು ಮಾಡಿದ್ದ. ಅದೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. "ಸೋಪು ಅಂದ್ರೆ ಸೋಪು. ಸ್ಟೋನ್ ಅಂದ್ರೆ ಕಲ್ಲು," ಎಂದ.

"ಅಂದ್ರೆ ಸೋಪು ನೆಲದಾಗೇ ಸಿಗ್ತದಾ?"

"ಗುಡ್ಡ ಗುಡ್ಡಾನೇ ಇದೆಯಪ್ಪ. ಲಾರ್ಜ್ ಡಿಪಾಸಿಟ್."

"ಡಿಪಾಸಿಟ್ಟೂ ಇಟ್ಟಿದೀರಾ ಭಾವ?" ಎಂದ ನಾಣಿ. ಅವನ ಧ್ವನಿ ಇಳಿದಿತ್ತು.

"ದೊಡ್ಡ ಡಿಪಾಸಿಟ್ಟೇ," ಎಂದ ಪದ್ಮನಾಭ. ನಾಣಿ ಬಡಿಸುವವನ ಕೈಯಿಂದ ತಟ್ಟೆ ಕಿತ್ತುಕೊಂಡು ತಾನೇ ಅವನ ಎಲೆಗೆ ಇನ್ನೊಂದು ಚಿರೋಟಿ ಹಾಕಿದ.

ಮರುದಿನ ಬೆಳಿಗ್ಗೆ ಬಾಗಿಲು ಬಡಿದವನು ಚಿಕ್ಕಮುನಿಯಪ್ಪ. ಮನೆ ಖಾಲಿ ಮಾಡಿ, ಶ್ರಾವಣಕ್ಕೆ ಟೈಲರೊಬ್ಬ ಬರುತ್ತಾನೆ ಎಂದು ಅವನು ಹೋದ ವಾರವಷ್ಟೇ ಹೇಳಿಹೋಗಿದ್ದ. ಅತ್ತಿಗುಪ್ಪೆಯ ಹಳೆಯ ಕುಳ. ಹೊಲವೆಲ್ಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿ, ಬಾಡಿಗೆದಾರರನ್ನೇ ಬೆಳೆಯಂತೆ ಬೆಳೆದು ಕಿತ್ತುಹಾಕುತ್ತಿದ್ದವನು. ಈ ಸಲ ಅವನ ಕೈಯಲ್ಲಿ ಎಳನೀರಿತ್ತು.

"ಸ್ವಾಮಿ, ಮನೆ ಖಾಲಿ ಮಾಡೋ ಮಾತು ಯಾರಾದ್ರೂ ಆಡಿದ್ರಾ ನಿಮ್ ಹತ್ರ?"

"ನೀವೇ ಆಡಿದ್ರಿ."

"ನಾನಾ? ತಮಾಷೆಗೆ ಅಂದಿರ್ಬೇಕು ಬುಡಿ. ನಮ್ಮ ಅಳಿಯ ಎಲ್ಲಾ ಹೇಳ್ದ. ನೆಲ ಅಗೆದ್ರೆ ಸೋಪು ಬತ್ತದಂತಲ್ಲ."

"ಹಾಗಲ್ಲ ಚಿಕ್ಕಮುನಿಯಪ್ಪನೋರೇ, ಅದು ಸೋಪ್‌ಸ್ಟೋನ್ ಅಂತ..."

"ಅದೇ ನಾನೂ ಹೇಳ್ತಿರಾದು. ದೊಡ್ಡೋರು ಇಂಥದ್ನೆಲ್ಲ ಬಾಯ್ಬಿಟ್ಟು ಹೇಳಾಕಿಲ್ಲ, ನಂಗೊತ್ತಿಲ್ವಾ. ಉಗ್ರಪ್ಪನ್ನ ಒಂದು ಮ್ಯಾನೇಜರ್ ಮಾಡ್ಕಳಿ, ಸಾಕು. ಟೈಲರ್‌ಗೆ ಆಗಾಕಿಲ್ಲ ಅಂತ ಹೇಳ್ ಬಂದಿವ್ನಿ."

ಅವನು ಹೋದ ಮೇಲೆ ಪಂಕಜಾ ಗಂಡನನ್ನು ಅಡಿಗೆಮನೆಗೆ ಕರೆದು ಪೂರ್ತಿ ವಿಷಯ ಹೇಳಿಸಿದಳು. ಅವಳ ಮುಂದೆ ಮಾತ್ರ ಅವನಿಂದ ಅರ್ಧಕ್ಕೆ ನಿಲ್ಲಿಸಲು ಆಗುತ್ತಿರಲಿಲ್ಲ.

"ಈಗ್ಲೇ ಹೋಗಿ ನಿಜ ಹೇಳ್ ಬನ್ನಿ," ಎಂದಳು. ಅವನು ಚಪ್ಪಲಿ ಮೆಟ್ಟಿದ. ಅವಳ ಕಣ್ಣಿಗೆ ಹೋದ ವಾರ ಬಿಸಿಲಲ್ಲಿ ಹತ್ತಿಳಿದ ಬಾಡಿಗೆ ಮನೆಗಳ ಮೆಟ್ಟಿಲೆಲ್ಲ ಬಂದವು. "ತಡೀರಿ. ಶ್ರಾವಣ ಕಳೀಲಿ, ಆಮೇಲೆ ಹೇಳಿದ್ರಾಯ್ತು." ಅವನು ಚಪ್ಪಲಿ ಬಿಟ್ಟ.

ಶ್ರಾವಣ ಬರುವುದರೊಳಗೆ ಸುದ್ದಿ ಬೀದಿಯೆಲ್ಲ ಹಬ್ಬಿತು. ಮೂಲೆಯ ಅಂಗಡಿಯವನು ವಿಜಯನಗರಕ್ಕೆಲ್ಲ ಏಜೆನ್ಸಿ ತನಗೇ ಕೊಡಬೇಕೆಂದು ಸಾಲದ ಪುಸ್ತಕದಲ್ಲಿ ಪದ್ಮನಾಭನ ಹೆಸರಿನ ಹಿಂದೆ ಶ್ರೀ ಸೇರಿಸಿದ. ಎದುರು ಮನೆಯ ಮೇಷ್ಟರು ಸೋಪಿಗೆ ಹೆಸರು ಹುಡುಕಿಕೊಂಡು ಬಂದು, ಅದರಲ್ಲಿ ತಮ್ಮ ಮಗಳ ಹೆಸರೇ ಇರುವುದು ಆಕಸ್ಮಿಕವೆಂದು ವಿವರಿಸಿದರು. ಆದರೆ ಎಲ್ಲರಿಗಿಂತ ಗಟ್ಟಿಗಿತ್ತಿ ಚಿಕ್ಕಮುನಿಯಪ್ಪನ ತಾಯಿ ಮುನಿತಾಯಮ್ಮ. ಅವಳು ಕಣ್ಣಿಂದ ನೋಡದ್ದನ್ನು ನಂಬುವವಳಲ್ಲ.

"ಪದ್ಮಣ್ಣ, ಒಂದ್ ತುಂಡು ತಂದ್ಕೊಡಪ್ಪ. ಮೈ ಉಜ್ಜಿ ನೋಡ್ತೀನಿ. ನೊರೆ ಬರ್ಲಿ, ಆಗ ನಂಬ್ತೀನಿ."

ಪದ್ಮನಾಭನಿಗೆ ಒಳಗೊಳಗೇ ಸಮಾಧಾನವಾಯಿತು. ನಿಜ ಹೇಳುವ ಕೆಲಸ ತನಗೆ ತಪ್ಪಿ ಕಲ್ಲಿಗೇ ಬೀಳುತ್ತದಲ್ಲ. ಕಚೇರಿಯ ಗಾಜಿನ ಬೀರುವಿನಲ್ಲಿ ಮಾದರಿಗೆಂದು ಇಟ್ಟಿದ್ದ ಬೂದು ಬಣ್ಣದ ತುಂಡೊಂದನ್ನು ಸಾಹೇಬರನ್ನು ಕೇಳಿ ತಂದು ಮುದುಕಿಯ ಕೈಗಿಟ್ಟ. ಮುಟ್ಟಿದರೆ ನಿಜಕ್ಕೂ ಸೋಪಿನಂತೆ ಜಾರುತ್ತಿತ್ತು. ಅವಳು ಅದನ್ನು ಹಿಡಿದು ಬಚ್ಚಲಿಗೆ ಹೋದಳು. ಮನೆಯವರೂ ಬಾಡಿಗೆದಾರರೂ ಹೊರಗೆ ನಿಂತು ಕಾದರು. ಒಳಗಿನಿಂದ ನೀರು ಸುರಿಯುವ, ಉಜ್ಜುವ, ಮತ್ತೆ ನೀರು ಸುರಿಯುವ ಸದ್ದು ಬಹಳ ಹೊತ್ತು ಬಂತು.

ಮುನಿತಾಯಮ್ಮ ತಲೆಗೆ ಸೀರೆಯ ತುದಿ ಸುತ್ತಿಕೊಂಡು ಹೊರಬಂದಳು. "ನೊರೆ ಬರಾಕಿಲ್ಲ," ಎಂದಳು. ಪದ್ಮನಾಭ ಉಸಿರು ಬಿಟ್ಟ.

"ನೊರೆ ಯಾವನಿಗೆ ಬೇಕು. ಇಲ್ನೋಡ್ರೋ ನನ್ನ ಹಿಮ್ಮಡೀನ. ನನ್ನ ಮದುವೆ ದಿನ ಇದ್ದಂಗಾಗೈತೆ. ಹತ್ತು ವರ್ಷದ ಒಡಕು ಹೋಯ್ತು. ಒಣಗಿದ್ ಮೇಲೆ ಕೈಗೆ ಒರೆಸ್ಕಂಡ್ರೆ ಬೆಳ್ಳಗೆ ಪೌಡರೂ ಬತ್ತದೆ."

ಸೋಪೂ ಪೌಡರೂ ಒಂದೇ ಕಲ್ಲಿನಲ್ಲಿ ಎಂಬ ಸುದ್ದಿ ಸಂಜೆಯ ಹೊತ್ತಿಗೆ ಬಾಪೂಜಿನಗರ ದಾಟಿತ್ತು. ಆ ರಾತ್ರಿಯೂಟಕ್ಕೆ ಮುಂಚೆಯೇ ನಾಣಿ ಸ್ಕೂಟರಿನಲ್ಲಿ ಬಂದಿಳಿದ.

"ಭಾವ, ನಾನೂ ಪಾಲುದಾರ. ನೀವು ಬೇಡ ಅಂದ್ರೂ ಬಿಡಲ್ಲ. ಗುಡ್ಡ ಇರೋ ಊರು ಯಾವ್ದು?"

"ಗುಂಡ್ಲಹಟ್ಟಿ ಅಂತ. ಆದ್ರೆ ನಾಣಿ, ಒಂದು ಮಾತು ಕೇಳು..."

ನಾಣಿ ವ್ಯಾಪಾರಸ್ಥ. ಊರಿನ ಹೆಸರು ಸಿಕ್ಕ ಮೇಲೆ ಮಾತು ಕೇಳಲಿಲ್ಲ. ಮರುದಿನವೇ ಗುಂಡ್ಲಹಟ್ಟಿಯ ಪಂಚಾಯತಿ ಚೇರ್ಮನ್ನರಿಗೆ ಒಂದು ಕಾರ್ಡು ಹಾಕಿದ. ಸೋಪಿನ ಕಾರ್ಖಾನೆಯ ವಿಚಾರವಾಗಿ ಭಾನುವಾರ ಬೆಂಗಳೂರಿನಿಂದ ಬರುತ್ತಿದ್ದೇವೆ, ಗುಡ್ಡ ತೋರಿಸಬೇಕು ಎಂದು.

ಭಾನುವಾರ ಉಗ್ರಪ್ಪನ ವ್ಯಾನು ತುಮಕೂರು ದಾಟಿ, ಸಿರಾ ದಾಟಿ, ಡಾಂಬರು ಮುಗಿದಲ್ಲಿ ಬಲಕ್ಕೆ ತಿರುಗಿತು. ಒಳಗೆ ನಾಣಿ, ಪಂಕಜಾ, ಚಿಕ್ಕಮುನಿಯಪ್ಪ, ಮುನಿತಾಯಮ್ಮ. ಮುಂದೆ, ಗಣಿಯ ಯಜಮಾನನಿಗೆ ತಕ್ಕ ಜಾಗದಲ್ಲಿ, ಪದ್ಮನಾಭ. ಅವನು ದಾರಿಯುದ್ದಕ್ಕೂ ಟೈರು ಪಂಕ್ಚರಾಗಲಿ ಎಂದು ಹರಕೆ ಹೊತ್ತುಕೊಂಡು ಬಂದ. ಹೊಸ ಟೈರು, ಆಗಲಿಲ್ಲ.

ಊರ ಬಾಗಿಲಲ್ಲಿ ಮಾವಿನ ತೋರಣ, ಓಲಗ, ಅದರ ಹಿಂದೆ ಇಡೀ ಊರು. ಚೇರ್ಮನ್ ಚನ್ನಮಲ್ಲಪ್ಪ ಗರಿಗರಿ ಪಂಚೆಯುಟ್ಟು, ಮೊದಲು ಇಳಿದ ಪದ್ಮನಾಭನ ಕೊರಳಿಗೆ ಮೊಣಕಾಲು ಮುಟ್ಟುವಂಥ ಹಾರ ಹಾಕಿದರು. ನಾಣಿಯ ಕಾರ್ಡು ಓದಿದ ಅವರಿಗೆ, ಬೆಂಗಳೂರಿನ ಶ್ರೀಮಂತರು ತಮ್ಮ ಊರಲ್ಲಿ ಕಾರ್ಖಾನೆ ಹಾಕಲು ಬರುತ್ತಿದ್ದಾರೆ ಎಂಬುದರಲ್ಲಿ ಸಂಶಯವಿರಲಿಲ್ಲ. ಇತ್ತ ಹಾರ, ಓಲಗ ನೋಡಿದ ನಾಣಿಗೆ, ಇದೆಲ್ಲ ಭಾವನ ಗಣಿಯ ಆಳುಕಾಳುಗಳೇ ಎಂಬುದರಲ್ಲಿ ಸಂಶಯವಿರಲಿಲ್ಲ.

"ನೋಡಿದ್ರಾ ಹೆಂಗೆ ಇಟ್ಕಂಡವ್ರೆ ಜನಾನ," ಎಂದು ಚಿಕ್ಕಮುನಿಯಪ್ಪ ಮೆಚ್ಚಿಕೊಂಡ.

ಶಾಲೆಯ ಮುಂದೆ ಹಾಕಿದ್ದ ಚಪ್ಪರದಲ್ಲಿ ಕೂಡಿಸಿ, ಎರಡು ಮಾತಾಡಬೇಕೆಂದರು. ಪದ್ಮನಾಭ ಎದ್ದು ನಿಂತ. ಆಗ ಗಾಬರಿಗೊಂಡ ಅವನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಟೈಪು ಮಾಡತೊಡಗಿದವು, ಬಾಯಿ ಅವುಗಳ ಹಿಂದೆ ಹೊರಟಿತು.

"ದಿ ಡಿಸ್ಟ್ರಿಕ್ಟ್ ಈಸ್ ರಿಚ್ ಇನ್ ಮಿನರಲ್ಸ್ ಕಾಮಾ ಬಟ್ ಪೂರ್ ಇನ್ ಇಂಡಸ್ಟ್ರೀಸ್ ಫುಲ್‌ಸ್ಟಾಪ್. ನ್ಯೂ ಪ್ಯಾರಾ."

ಊರು ಉಸಿರು ಬಿಗಿಹಿಡಿದು ಕೇಳಿತು. ಇಂಥ ಇಂಗ್ಲಿಷನ್ನು ಅವರು ರೇಡಿಯೋದಲ್ಲೂ ಕೇಳಿರಲಿಲ್ಲ. ಅವನು ಒಂದಿಡೀ ಅಧ್ಯಾಯವನ್ನು, ಬ್ರಾಕೆಟ್ಟು ತೆರೆದು ಬ್ರಾಕೆಟ್ಟು ಮುಚ್ಚಿ, ಒಪ್ಪಿಸಿದ. ಕೊನೆಗೆ, "ಕಾಪಿ ಟು ಡೆಪ್ಯುಟಿ ಕಮಿಷನರ್ ಫಾರ್ ಇನ್‌ಫರ್ಮೇಷನ್" ಎಂದಾಗ ಡೆಪ್ಯುಟಿ ಕಮಿಷನರ್ ಎಂಬುದೊಂದು ಎಲ್ಲರಿಗೂ ಅರ್ಥವಾಗಿ ಚಪ್ಪರ ಹಾರುವಂತೆ ಚಪ್ಪಾಳೆ ಬಿತ್ತು.

ಚನ್ನಮಲ್ಲಪ್ಪ ಕೈಮುಗಿದು ಎದ್ದರು. "ಬಹಳ ಸಂತೋಷ ಸಾಹೇಬ್ರೇ. ಇನ್ನು ಕಾರ್ಖಾನೆ ಯಾವ ತಿಂಗಳು ಶುರು ಮಾಡ್ತೀರಿ ಅಂತ ಒಂದು ಮಾತು ಹೇಳಿಬಿಟ್ರೆ..."

ನಾಣಿ ಹುಬ್ಬುಗಂಟಿಕ್ಕಿದ. "ಶುರು ಮಾಡೋದಾ? ಆಗ್ಲೇ ಶುರುವಾಗಿದೆ ಅಂತಲ್ವಾ ನಾವು ಬಂದಿರೋದು. ಗುಡ್ಡ ಇವರದ್ದೇ ಅಲ್ವಾ?"

"ಯಾರದ್ದು?"

"ನಮ್ಮ ಭಾವಂದು."

"ಗುಡ್ಡ ಗೋಮಾಳ ಸ್ವಾಮಿ. ಊರ ದನ ಮೇಯ್ತವೆ."

ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಪದ್ಮನಾಭನ ಕಡೆ ತಿರುಗಿದರು. ಓಡಿಹೋಗಲು ಹಾರ ಬಹಳ ಉದ್ದವಿತ್ತು. ಅವನು ಪಂಕಜಾಳನ್ನು ನೋಡಿದ. ಅವಳು, ಹೇಳಿಬಿಡಿ ಎನ್ನುವಂತೆ ತಲೆಯಾಡಿಸಿದಳು.

"ನನ್ನ ಕೈಲಿರೋದು ಜಿಲ್ಲೆ ಅಲ್ಲ, ಜಿಲ್ಲೆ ರಿಪೋರ್ಟು," ಎಂದ. "ಬರೆದೋನೂ ನಾನಲ್ಲ. ಟೈಪ್ ಮಾಡ್ದೋನು. ಈ ಸೋಪ್‌ಸ್ಟೋನ್ ಏನು ಅಂತ ನಂಗೆ ಈಗ್ಲೂ ಗೊತ್ತಿಲ್ಲ. ನನ್ನ ಹೆಸರಲ್ಲಿ ಇರೋದು ಒಂದು ಸೈಕಲ್ಲು."

ಅವನ ಮಾತು ಅಲ್ಲಿಗೆ ನಿಂತಿತು. ಅದನ್ನು ಸಭೆ ಮುಗಿದ ಸೂಚನೆ ಎಂದುಕೊಂಡ ಓಲಗದವನು ಮಂಗಳದ ರಾಗ ಶುರುಮಾಡಿಬಿಟ್ಟ. ಯಾರೋ ಅವನ ಭುಜ ಹಿಡಿದು ನಿಲ್ಲಿಸಬೇಕಾಯಿತು. ನಾಣಿಯ ಮುಖ ಕೆಂಪಾಯಿತು, ಚಿಕ್ಕಮುನಿಯಪ್ಪನದು ಕಪ್ಪಾಯಿತು. ಪದ್ಮನಾಭ ತನ್ನ ಸಾಮಾನುಗಳನ್ನು ಎತ್ತಿನ ಗಾಡಿಗೆ ಹೇರುತ್ತಿರುವ ಚಿತ್ರವನ್ನೇ ಕಣ್ಣೆದುರು ಕಂಡ.

ಚನ್ನಮಲ್ಲಪ್ಪ ಮಾತ್ರ ಮೀಸೆ ನೀವಿಕೊಂಡರು. "ಆಗಿದ್ದಾಯ್ತು. ಅಡಿಗೆ ಮಾಡ್ಸಿದೀನಿ. ಅದು ಟೈಪ್ ಮಾಡಿದ್ದಲ್ಲ, ನಿಜವಾಗ್ಲೂ ಬೆಂದಿದೆ. ಏಳಿ."

ಮೊದಲು ನಕ್ಕವಳು ಮುನಿತಾಯಮ್ಮ. ಊಟ ಎಂದ ಮೇಲೆ ಅವಳಿಗೆ ಗಣಿ ಯಾರದ್ದಾದರೂ ಒಂದೇ.

ಚೇರ್ಮನ್ನರ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ. ಒಲೆಯಿಂದ ಇಳಿಸಿ ತಂದಿಟ್ಟ ಮೇಲೂ ದಪ್ಪ ಬೂದು ಪಾತ್ರೆಯಲ್ಲಿ ಸಾರು ಕೊತಕೊತ ಕುದಿಯುತ್ತಲೇ ಇತ್ತು. ಚನ್ನಮಲ್ಲಪ್ಪ ಸಂಕೋಚದಿಂದ ಕೈ ಹಿಸುಕಿಕೊಂಡರು.

"ತಪ್ಪು ತಿಳ್ಕೋಬೇಡಿ. ದೊಡ್ಡ ಸ್ಟೀಲು ಪಾತ್ರೆ ಈ ಊರಾಗೆ ಒಂದೂ ಇಲ್ಲ. ಹಳೇ ಕಲ್ಲಿನ ಪಾತ್ರೇಲೇ ಮಾಡಿಸ್ಬೇಕಾಯ್ತು."

ಪಂಕಜಾ ಬಗ್ಗಿ ಪಾತ್ರೆಯ ಅಂಚು ಸವರಿದಳು. "ಇದು ಬಳಪದ ಕಲ್ಲಲ್ವಾ? ನಮ್ಮಜ್ಜಿ ಹತ್ರ ಒಂದಿತ್ತು. ಒಡೆದುಹೋದ ಮೇಲೆ ಅಂಥದ್ದು ಬೇಕು ಅಂತ ನಮ್ಮಮ್ಮ ಬೆಂಗಳೂರೆಲ್ಲ ಹುಡುಕಿದ್ರು. ಸಿಗ್ಲಿಲ್ಲ."

"ನಮ್ಮ ಗುಡ್ಡದ್ದೇ ಅಮ್ಮ. ನಮ್ಮೂರೋರೇ ಕಡೀತಾರೆ. ಆದ್ರೆ ಈಗಿನ ಸೊಸೇರಿಗೆ ಬೇಡ, ಎಲ್ರಿಗೂ ಸ್ಟೀಲೇ ಆಗ್ಬೇಕು. ಕಡಿದಿದ್ದು ಹಂಗೇ ಕೊಟ್ಟಿಗೇಲಿ ಬಿದ್ದಿದೆ."

ಪದ್ಮನಾಭನ ತಲೆ ಅಂದು ಮೊದಲ ಬಾರಿಗೆ ಬೆರಳುಗಳನ್ನು ಹಿಂದೆ ಹಾಕಿತು. "ಹಾಗಾದ್ರೆ ಸೋಪ್‌ಸ್ಟೋನ್ ಅಂದ್ರೆ ಬಳಪದ ಕಲ್ಲಾ?" ಎಂದು ಕೇಳಿದ. ಆದರೆ ಎಲ್ಲರೂ ನಾಣಿಯನ್ನು ನೋಡುತ್ತಿದ್ದರು. ನಾಣಿ ಮುದ್ದೆಯ ತುತ್ತನ್ನು ಬಾಯಿಯ ಮುಂದೆ ಹಿಡಿದು ಹಾಗೇ ಕೂತಿದ್ದ.

"ಚೇರ್ಮನ್ರೇ," ಎಂದ ಮೆಲ್ಲಗೆ, "ನಂದು ಸ್ಟೀಲ್ ಪಾತ್ರೆ ಅಂಗಡಿ. ನೀವು ಒಂದು ಕಲ್ಲಿನ ಪಾತ್ರೆ ಕೊಡಿ, ಅದೇ ಅಳತೆಗೆ ನಾನೊಂದು ಸ್ಟೀಲಿಂದು ಕೊಡ್ತೀನಿ. ಫಳಫಳ ಹೊಳೀಬೇಕು, ಅಂಥದ್ದು."

"ಹಳೇ ಕಲ್ಲಿಗೆ ಹೊಸ ಸ್ಟೀಲಾ?"

"ಹೌದು."

ನಾಣಿ ನಗು ತಡೆಯಲು ನೀರಿನ ಲೋಟ ಎತ್ತಿದ. ಚನ್ನಮಲ್ಲಪ್ಪ ನಗು ತಡೆಯಲು ಅಡಿಗೆಮನೆಯ ಕಡೆ ಮುಖ ತಿರುಗಿಸಿದರು. ಎದುರಿನವನು ಶುದ್ಧ ಪೆದ್ದನೆಂದು ಇಬ್ಬರೂ ಮನಸಾರೆ ನಂಬಿದರು. ವ್ಯಾಪಾರಕ್ಕೆ ಇದಕ್ಕಿಂತ ಗಟ್ಟಿ ತಳಪಾಯ ಸಿಗುವುದು ಕಷ್ಟ.

ಹಿಂದಿರುಗುವಾಗ ಕೊಟ್ಟಿಗೆಯಲ್ಲಿದ್ದ ಪಾತ್ರೆಗಳೆಲ್ಲ ವ್ಯಾನಿನಲ್ಲಿದ್ದವು. ಮುಂದಿನ ಸೀಟನ್ನು ನಾಣಿ ಹಿಡಿದ. ಪದ್ಮನಾಭ ಹಿಂದೆ, ಪಾತ್ರೆ ಒಡೆಯದಂತೆ ಹಾಸಿದ್ದ ಹುಲ್ಲಿನ ಮೇಲೆ, ಎರಡು ಕಡಾಯಿಗಳ ನಡುವೆ ಮುದುಡಿ ಕುಳಿತ. ಎದುರಿಗೆ ಚಿಕ್ಕಮುನಿಯಪ್ಪ. ವ್ಯಾನು ಸಿರಾ ದಾಟಿತು. ಚಿಕ್ಕಮುನಿಯಪ್ಪನ ಹೊಟ್ಟೆ ನಗುವಿನಿಂದ ಕುಲುಕತೊಡಗಿತು.

"ಗೋಮಾಳ," ಎಂದ. ಮತ್ತೆ, "ದನ ಮೇಯ್ತವಂತೆ," ಎಂದು ಕಣ್ಣೊರೆಸಿಕೊಂಡ.

"ಮನೆ ಯಾವಾಗ ಖಾಲಿ ಮಾಡ್ಲಿ ಚಿಕ್ಕಮುನಿಯಪ್ಪನೋರೇ?" ಎಂದು ಪದ್ಮನಾಭ ಕೇಳಿದ.

"ಎಲ್ಲಿಗೋಯ್ತೀರಾ. ಆ ಟೈಲರ್ ಆಗ್ಲೇ ಬಾಪೂಜಿನಗರದಾಗೆ ಮನೆ ಹಿಡ್ಕಂಡ. ನಮ್ ಉಗ್ರಪ್ಪನಿಗೆ ವಾರಕ್ಕೊಂದು ಟ್ರಿಪ್ಪು ಗಟ್ಟಿಯಾಯ್ತು, ನಿಮ್ಮಿಂದ್ಲೇ. ಮನೆತುಂಬಾ ನಗಾಕೆ ಒಬ್ರು ಬ್ಯಾಡ್ವಾ, ಇರಿ ಸುಮ್ಕೆ."

ಪಂಕಜಾ ಕಿಟಕಿಯ ಕಡೆ ತಿರುಗಿ ಕಣ್ಣು ಒತ್ತಿಕೊಂಡಳು. ಧೂಳು ಎಂದಳು.

ಹೊತ್ತು ಮುಳುಗುವ ಮುಂಚೆ, ದಾರಿಯ ಚೆಕ್‌ಪೋಸ್ಟಿನಲ್ಲಿ ಅಧಿಕಾರಿಯೊಬ್ಬ ಕೈ ಅಡ್ಡ ಹಿಡಿದ. "ಏನ್ ಲೋಡು?"

"ಪಾತ್ರೆ ಸಾರ್," ಎಂದ ಉಗ್ರಪ್ಪ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇನ್ನು ಮುಂದೆ ನಿಜವನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ ಎಂದು ಪದ್ಮನಾಭ ಗುಂಡ್ಲಹಟ್ಟಿಯಲ್ಲಿ ಕೈ ತೊಳೆಯುವಾಗಲೇ ಶಪಥ ಮಾಡಿದ್ದ. ಹಿಂದಿನಿಂದ ತಲೆ ಹೊರಹಾಕಿ, ಬೆರಳುಗಳಿಗೆ ಬಾಯಿಪಾಠವಾಗಿದ್ದ ಸಾಲನ್ನು ಒಪ್ಪಿಸಿದ.

"ಪೂರ್ತಿ ಹೇಳ್ಬೇಕು ಅಂದ್ರೆ ಸಾರ್, ಇದು ಸೋಪ್‌ಸ್ಟೋನ್. ಹೈಡ್ರೇಟೆಡ್ ಮೆಗ್ನೀಷಿಯಂ ಸಿಲಿಕೇಟ್. ಖನಿಜ."

ನಾಣಿ ಹಣೆ ಚಚ್ಚಿಕೊಂಡ. ಅಧಿಕಾರಿ ನೆಟ್ಟಗಾದ. "ಖನಿಜಾನಾ? ಸಾಗಿಸೋಕೆ ಪರ್ಮಿಟ್ ಎಲ್ಲಿ? ಎಲ್ಲಾ ಇಳಿಸಿ ಕೆಳಗೆ."

"ಇಳಿಸ್ತೀವಿ ಕಣಪ್ಪ, ಮೊದ್ಲು ಇದನ್ನ ಹಿಡ್ಕೊ, ಚೆಲ್ಲೀತು," ಎಂದು ಮುನಿತಾಯಮ್ಮ ತನ್ನ ತೊಡೆಯ ಮೇಲಿದ್ದ ಪಾತ್ರೆಯನ್ನು ಅವನ ಕೈಗೆ ದಾಟಿಸಿದಳು. ಚೇರ್ಮನ್ನರ ಮನೆಯವರು ಉಳಿದ ಸಾರನ್ನು ಅದರಲ್ಲೇ ಕಟ್ಟಿಕೊಟ್ಟಿದ್ದರು. ಮುಚ್ಚಳ ಸರಿಯಿತು. ಹುರುಳಿಕಾಳು, ಬೆಳ್ಳುಳ್ಳಿಯ ಘಮ ಚೆಕ್‌ಪೋಸ್ಟನ್ನೆಲ್ಲ ತುಂಬಿತು. ಬೆಳಗಿನಿಂದ ಬನ್ನು ಚಹಾದ ಮೇಲೆ ಸರ್ಕಾರವನ್ನು ಕಾಯುತ್ತಿದ್ದ ಮನುಷ್ಯ ಅವನು.

"ಇದೇನಜ್ಜಿ, ಇನ್ನೂ ಬಿಸಿ ಇದೆ?"

"ಮಧ್ಯಾಹ್ನ ಇಳಿಸಿದ್ದು. ಮುದ್ದೇನೂ ಐತೆ. ತಿಂದು ಆಮ್ಯಾಕೆ ಹಿಡ್ಕೊ ನಮ್ಮನ್ನ."

ಅವನು ತಿಂದ. ಒಳಗಿದ್ದ ಗುಮಾಸ್ತನೂ ಬಂದು ತಿಂದ. ಅಧಿಕಾರಿ ಕೈ ತೊಳೆದು ರಿಜಿಸ್ಟರ್ ತೆಗೆದು, ಸರಕು ಎಂಬಲ್ಲಿ ಬಹಳ ಯೋಚಿಸಿ, ಅಡಿಗೆ ಪಾತ್ರೆ, ಸಾರು ಸಹಿತ ಎಂದು ಬರೆದ. ಆಮೇಲೆ ಧ್ವನಿ ತಗ್ಗಿಸಿ ಪದ್ಮನಾಭನನ್ನೇ ಕೇಳಿದ, "ಈ ಪಾತ್ರೆ ಎಲ್ಲಿ ಸಿಗುತ್ತೆ ಸಾರ್? ನಮ್ಮನೆಯೋರಿಗೆ ಒಂದು ಬೇಕಿತ್ತು."

ನಾಣಿ ಬಾಯಿ ತೆರೆದ. ಅದಕ್ಕೆ ಮುಂಚೆ ಪದ್ಮನಾಭ ಮಾತಾಡಿಬಿಟ್ಟಿದ್ದ. "ರಾಜಾಜಿನಗರದಲ್ಲಿ, ನಮ್ಮ ನಾಣಿ ಅಂಗಡೀಲಿ. ಆದ್ರೆ ಪೂರ್ತಿ ಹೇಳ್ಬಿಡ್ತೀನಿ. ಕೈಯಿಂದ ಬಿದ್ರೆ ಒಡೆಯುತ್ತೆ. ಎರಡು ವಾರ ಗಂಜಿ ಹಾಕಿ ಪಳಗಿಸ್ಬೇಕಂತೆ. ಭಾರ ಬೇರೆ."

"ಇಷ್ಟು ನಿಜ ಹೇಳೋ ವ್ಯಾಪಾರದೋರನ್ನ ನಾನು ನೋಡೇ ಇಲ್ಲ," ಎಂದ ಅಧಿಕಾರಿ. "ಎರಡು ಇಟ್ಟಿರಿ. ಅತ್ತೆ ಮನೆಗೂ ಒಂದು."

ಗುಮಾಸ್ತನೂ ತನಗೊಂದು ಹೇಳಿದ. ಗೇಟು ಮೇಲೆದ್ದಿತು. ಉಗ್ರಪ್ಪ ಎಂಜಿನ್ ಚಾಲೂ ಮಾಡಿ ಕಾದ, ಯಾಕೆಂದರೆ ನಾಣಿ ಕೆಳಗಿಳಿದು ವ್ಯಾನಿನ ಹಿಂಭಾಗಕ್ಕೆ ನಡೆದುಬಂದಿದ್ದ. ಅವನು ಪದ್ಮನಾಭನ ಪಕ್ಕದಲ್ಲಿದ್ದ ಕಡಾಯಿಯನ್ನು ಎತ್ತಿಕೊಂಡು, "ಮುಂದೆ ಹೋಗಿ ಕೂತ್ಕೊಳ್ಳಿ ಭಾವ, ಇಲ್ಲಿ ಕುಲುಕುತ್ತೆ," ಎಂದು ಹುಲ್ಲಿನ ಮೇಲೆ ಕುಳಿತ. ಮುನಿತಾಯಮ್ಮ ಬರಿದಾದ ಸಾರಿನ ಪಾತ್ರೆಯನ್ನೂ ಅವನ ಮಡಿಲಿಗೇ ಇಟ್ಟಳು.